ಗ್ರಿಜೆಲ್ ಹಾಲ್ಡೇನಳ ಭಾನುವಾರ

ಆಗಸ್ಟ್ 19, ಶನಿವಾರ

ಮಾತಾಡುತ್ತಿರುವವನು ರುಮೆನ್, ಆರಕ್ ಮನೆಯನ್ನು ಜನಕ್ಕೆ ತೋರಿಸುವವನು. ಮೊದಲು ಹೆಸರು ಹೇಳಬೇಕು ಅನ್ನುವುದು ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಲಮ್ಸ್‌ಡನ್ ಮಿಸ್‌ರ ನಿಯಮ. ಈ ಫೋನಿಗೆ ಮಾತಾಡುವುದೂ ಅವರದೇ ಆಜ್ಞೆ. "ದಿನಾ ಮಲಗೋ ಮುಂಚೆ, ಅವತ್ತು ಜನಕ್ಕೆ ಏನ್ ಹೇಳ್ದೆ ಅಂತ ರೆಕಾರ್ಡ್ ಮಾಡ್ಕೊ. ಬೆಳಗ್ಗೆ ಎದ್ದು ಕೇಳು. ನಾಚಿಕೆ ಆಗತ್ತೆ. ನಾಚಿಕೆ ಆದ್ರೇನೇ ಕಲಿಯೋದು," ಅಂದಿದ್ದರು.

ಇವತ್ತು ನಾಚಿಕೆಗೆ ಬೆಳಗಿನವರೆಗೆ ಕಾಯಬೇಕಾಗಿ ಬರಲಿಲ್ಲ.

ಜನಕ್ಕೆ ಹೇಳಿದ್ದು ಇದು. ತಾಮಸ್ ಆರಕ್ ಇದೇ ಪಿಟ್‌ಡೂನ್ ಊರಿನವನು. ಗಾಳಿಯ ಭಾರ ಅಳೆಯುವ ಪಾದರಸದ ಕೊಳವೆಗಳನ್ನು ಮಾಡುತ್ತಿದ್ದ. ಇಲ್ಲಿನವರು ಅದಕ್ಕೆ ಬರೀ ಗಾಜು ಅನ್ನುತ್ತಾರೆ. ಗಾಜು ಇಳಿಯಿತು ಎಂದರೆ ಬಿರುಗಾಳಿ ಹೊರಟಿದೆ ಎಂದು ಅರ್ಥ. ದಿನಕ್ಕೆ ಮೂರು ಸಲದ ಅಳತೆಯನ್ನು ಪುಸ್ತಕದಲ್ಲಿ ಗುರುತು ಹಾಕಿ, ಆ ಗುರುತುಗಳನ್ನು ಗೆರೆಯಾಗಿ ಎಳೆದು, ಗೆರೆಯ ಇಳಿಜಾರು ನೋಡಿ ನಾಳಿನ ಗಾಳಿ ಹೇಳುವ ಉಪಾಯ ಅವನ ಮನೆಯ ಮಹಡಿಯಲ್ಲಿ ಹುಟ್ಟಿತು. 1773ರ ಅಕ್ಟೋಬರ್ 10, ಭಾನುವಾರ ಸಂಜೆ ಆರಕ್ ಮನೆಮನೆಗೆ ಓಡಿ ದೋಣಿ ಬಿಡಬೇಡಿ ಎಂದ. ಮಧ್ಯರಾತ್ರಿ ದಾಟಿದ ಮೇಲೆ ಹೊರಡಬೇಕಿದ್ದ ಹತ್ತೊಂಬತ್ತು ದೋಣಿಗಳು ದಡದಲ್ಲೇ ಉಳಿದವು. ಬೆಳಗಾಗುವುದರಲ್ಲಿ, ದೋಣಿ ಬಿಟ್ಟಿದ್ದ ಪಕ್ಕದ ಎರಡು ಊರುಗಳಲ್ಲಿ ಗಂಡಸರೇ ಉಳಿದಿರಲಿಲ್ಲ.

ಇಲ್ಲಿಯವರೆಗೆ ಸರಿ. ಆಮೇಲೆ ಗ್ಲಾಸ್ಗೋದಿಂದ ಬಸ್ಸಿನಲ್ಲಿ ಬಂದಿದ್ದ ಹೆಂಗಸರನ್ನು ಸಮಾಧಿಗಳ ಹತ್ತಿರ ಕರೆದುಕೊಂಡು ಹೋದೆ. ಒಂದೇ ಕಲ್ಲಿನ ಮೇಲೆ ಎರಡು ಹೆಸರು, ಒಂದೇ ಅಳತೆಯ ಅಕ್ಷರ: ತಾಮಸ್ ಆರಕ್, ಗ್ರಿಜೆಲ್ ಹಾಲ್ಡೇನ್. "ಇಬ್ಬರೂ ಸೇರಿ ಒಂದೇ ಅಂಗಡಿ ನಡೆಸಿದ ಪಾಲುದಾರರು," ಎಂದು ಹೇಳಿಬಿಟ್ಟೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಾಕೆ ಕಲ್ಲನ್ನು ಮುಟ್ಟಿ ಸವರಿದಳು. ಅವಳ ಹಿಂದೆ ಮಿಸ್ ನಿಂತಿದ್ದರು.

"ಪಾಲುದಾರರ ಕಥೆ ಚೆನ್ನಾಗಿತ್ತು," ಅಂದರು ಬಸ್ಸು ಹೋದ ಮೇಲೆ. "ಯಾವ ಊರಿಂದು?"

"ಇಲ್ಲೀದೇ ಮಿಸ್. ಆರಕ್, ಹಾಲ್ಡೇನ್."

"ಅವಳು ಅವನ ಹೆಂಡ್ತಿ ಕಣೋ ದಡ್ಡ."

"ಹೆಂಡ್ತಿ ಆದ್ರೆ ಹೆಸರು ಬೇರೆ ಯಾಕಿದೆ?"

"ಇದು ಸ್ಕಾಟ್ಲೆಂಡು. ಇಲ್ಲಿ ಮದುವೆ ಆದ ಮಾತ್ರಕ್ಕೆ ಹೆಂಗಸಿನ ಹೆಸರು ಕಳ್ದುಹೋಗಲ್ಲ. ಕಲ್ಲಿನ ಮೇಲೆ ಅಪ್ಪನ ಮನೆ ಹೆಸರೇ. ಆರು ವರ್ಷ ಆಯ್ತು ನೀನು ಈ ದೇಶಕ್ಕೆ ಬಂದು. ಮೀನು ಕುಯ್ಯೋದು ಬಿಟ್ಟು ಇನ್ನೇನ್ ಕಲ್ತೆ?"

"ಸ್ಟ್ರಾಬೆರಿ ಕೀಳೋದು ಕಲ್ತೆ ಮಿಸ್."

ನಗಲಿಲ್ಲ. ನಗು ತಡೆದುಕೊಂಡಾಗ ಅವರ ಮೂಗಿನ ತುದಿ ಕೆಂಪಾಗುತ್ತದೆ, ಅದಾಯಿತು.

ನಮ್ಮೂರಿನಲ್ಲಿ, ಬಲ್ಗೇರಿಯಾದಲ್ಲಿ, ಅಜ್ಜಿಯ ಕಲ್ಲಿನ ಮೇಲೆ ತಾತನ ಮನೆತನದ ಹೆಸರಿದೆ. ನನಗೇನು ಗೊತ್ತು. ಹೇಗಿದ್ದರೂ ಇನ್ನು ಆರು ವಾರ. ಅಕ್ಟೋಬರ್ ಒಂದಕ್ಕೆ ಶೆಟ್ಲೆಂಡ್ ದ್ವೀಪದಲ್ಲಿ ಮೀನು ಸಾಕುವ ಕೆಲಸ ಸಿಕ್ಕಿದೆ. ಈ ಊರಿಗೆ ಬಂದು ಹನ್ನೊಂದು ತಿಂಗಳಾಯಿತು, ಇನ್ನೊಂದು ಊರಿಗೆ ಹೊರಡಲು ಕಾಲು ತುರಿಸುತ್ತಿದೆ. ಮಿಸ್‌ಗೆ ಇನ್ನೂ ಹೇಳಿಲ್ಲ.

ಆಗಸ್ಟ್ 20, ಭಾನುವಾರ

ಹೆಂಡತಿ ಎಂದು ತಿದ್ದಿಕೊಂಡು ಹೇಳಿದೆ. ಒಬ್ಬ ಮುದುಕ ಕೇಳಿದ: "ಓ, ಹೆಂಡ್ತೀನಾ. ಆಯಮ್ಮ ಏನ್ ಮಾಡ್ತಿದ್ಲು?"

ಗೊತ್ತಿಲ್ಲ ಅಂದೆ. ನಿನ್ನೆ ಪಾಲುದಾರಳು ಎಂದಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲ.

ಸೆಪ್ಟೆಂಬರ್ 2, ಶನಿವಾರ

ಕಲ್ಲು ಬಂತು. ಅಕ್ಟೋಬರ್ ಹತ್ತಕ್ಕೆ ಆ ಭಾನುವಾರಕ್ಕೆ ಇನ್ನೂರೈವತ್ತು ವರ್ಷ ತುಂಬುತ್ತದೆ, ಆರಕ್ ಮನೆಯ ಮುಂಭಾಗದ ಗೋಡೆಗೆ ಕೂರಿಸುವ ಕಲ್ಲು. ಅಕ್ಷರ ಕೆತ್ತುವವನು ವಾಟಿ ಡ್ಯೂರಿ. ಅವನ ಕಾರ್ಖಾನೆಯ ಮೇಲಿನ ಕೋಣೆಯಲ್ಲೇ ನಾನಿರುವುದು, ಹಾಗಾಗಿ ಕಲ್ಲನ್ನು ಇಳಿಸುವ ಕೆಲಸಕ್ಕೆ ನನ್ನ ಬೆನ್ನೇ ಆಯಿತು.

ಕೆತ್ತಬೇಕಾದ ಮಾತನ್ನು ಆರಕ್ ಮನೆ ನಡೆಸುವ ಟ್ರಸ್ಟಿನ ಅಧ್ಯಕ್ಷ ಬಾಲ್ಫರ್ ಬರೆದು ಕಳಿಸಿದ್ದಾರೆ. ಔಷಧಿ ಅಂಗಡಿಯವರು, ಐವತ್ತೈದು ವಯಸ್ಸು, ಮಿಸ್ ಎದುರು ಬಂದರೆ ಇವತ್ತಿಗೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಮಾತು ಹೀಗಿದೆ: "ತಾಮಸ್ ಆರಕ್. ಗಾಜು ನೋಡಿ ಬಿರುಗಾಳಿಯನ್ನು ಓದಿದವನು. ಹತ್ತೊಂಬತ್ತು ದೋಣಿಗಳನ್ನು ಉಳಿಸಿದವನು."

ವಾಟಿ ಮೀನಿನ ಸೂಪ್ ಕೊಟ್ಟ. ಪಾತ್ರೆ ನಾನು ತೊಳೆದೆ. ಒರೆಸುವ ಬಟ್ಟೆಯ ಮೇಲೆ ಈ ದೇಶ ಲೋಕಕ್ಕೆ ಕೊಟ್ಟ ದೊಡ್ಡವರ ಹೆಸರೆಲ್ಲ ಅಚ್ಚಾಗಿತ್ತು. ಇಲ್ಲಿ ಪ್ರತಿ ಅಡುಗೆಮನೆಯಲ್ಲೂ ಇಂಥದೊಂದು ಇರುತ್ತದೆ.

"ನೋಡ್ಕೊ ಮಗಾ," ಅಂದ ವಾಟಿ. "ಜೇಮ್ಸ್ ವಾಟು, ಹಬೆ ಎಂಜಿನ್ನು. ಬೆಲ್ಲು, ಟೆಲಿಫೋನು. ಬೇರ್ಡು, ಟೀವಿ. ಎಲ್ಲಾ ನಮ್ಮೋರೇ. ಪಾತ್ರೆ ಒರ್ಸೋಕ್ ಮಾತ್ರ ಒಬ್ಬನೂ ಬರಲ್ಲ."

"ಆರಕ್ ಹೆಸ್ರು ಇದ್ರಲ್ಲಿ ಇಲ್ವಲ್ಲ."

"ಅದೇ ಮಿಸ್‌ಗೆ ಇರೋ ಒಂದೇ ಕೊರಗು. ಬಟ್ಟೆ ಮಾಡೋ ಕಂಪನಿಗೆ ಮೂರು ಸಲ ಕಾಗ್ದ ಬರ್ದವ್ರೆ."

ಸೆಪ್ಟೆಂಬರ್ 9, ಶನಿವಾರ

ಇದನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಮೊದಲಿಂದ ಹೇಳುತ್ತೇನೆ.

ಆರಕ್ ಮನೆಯ ಕೆಳಗಿನ ಕೋಣೆಯಲ್ಲಿ ಅವನು ಹೆಂಡತಿಗೆ ಬರೆದ ಒಂದು ಪತ್ರ ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ಲೀತ್ ಬಂದರಿನಿಂದ ಬರೆದದ್ದು. ಒಡೆದ ಕೊಳವೆಯ ಚಿತ್ರವಿದೆ, ಇನ್ನೆರಡು ಜೊತೆ ಕಾಲುಚೀಲ ಕಳಿಸು ಎಂಬ ಮಾತಿದೆ. ಕೆಳಗಿನ ಚೀಟಿಯಲ್ಲಿ 'ತಾರೀಖಿಲ್ಲ' ಎಂದಿದೆ. ಹಬ್ಬಕ್ಕೆ ಎಲ್ಲ ಚೌಕಟ್ಟುಗಳಿಗೂ ಹೊಸ ಬಣ್ಣ ಆಗಬೇಕೆಂದು ಬಾಲ್ಫರ್ ಹೇಳಿದ್ದರು. ಹಿಂದಿನ ಹಲಗೆ ಬಿಚ್ಚಿದೆ. ಪತ್ರದ ಮೇಲಿನ ಅಂಚು ಹಿಂದಕ್ಕೆ ಮಡಿಸಿತ್ತು. ಯಾರೋ ಯಾವ ಕಾಲದಲ್ಲೋ ಚೌಕಟ್ಟಿಗೆ ಸರಿಹೋಗಲೆಂದು ಮಡಿಸಿದ್ದು. ಮಡಿಕೆ ಬಿಡಿಸಿದರೆ ತಾರೀಖಿದೆ.

ಲೀತ್, 10 ಅಕ್ಟೋಬರ್ 1773.

ಲೀತ್‌ನಿಂದ ಇಲ್ಲಿಗೆ ಬರಬೇಕೆಂದರೆ ನಡುವೆ ಸಮುದ್ರದ ತೋಳು ದಾಟಬೇಕು. ಆ ಸಂಜೆ ಇಲ್ಲಿ ಮನೆಮನೆಗೆ ಓಡಿದವನು ಅದೇ ದಿನ ಅಲ್ಲಿ ಕೂತು ಕಾಲುಚೀಲ ಕೇಳುತ್ತಿದ್ದ.

ಮಹಡಿಗೆ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಹವೆಯ ಪುಸ್ತಕ ಆ ದಿನದ ಪುಟಕ್ಕೇ ತೆರೆದುಕೊಂಡಿದೆ. ಬೆಳಗ್ಗೆ ಒಂದು ಗುರುತು, ಮಧ್ಯಾಹ್ನ ಒಂದು, ಸಂಜೆ ಒಂದು, ಕಡಿದಾಗಿ ಇಳಿಯುವ ಗೆರೆ. ಪುಸ್ತಕದ ತುಂಬ ಬರೀ ಅಂಕಿ, ಗೆರೆ. ಯಾರ ಬರಹವೆಂದು ಹಿಡಿಯಲು ಒಂದು ಅಕ್ಷರವೂ ಇಲ್ಲ.

ಈ ಪುಸ್ತಕ, ಆ ಪತ್ರ, ಒಂದೇ ಮನೆಯ ಮೇಲೊಂದು ಕೆಳಗೊಂದು ಇಷ್ಟು ವರ್ಷ.

ಮಿಸ್ ಆರಕ್ ಬಗ್ಗೆ ಪುಸ್ತಕ ಬರೆದವರು. ಅವರ ಮನೆಯಲ್ಲಿ ಮನೆಯವರ ಫೋಟೋ ಇರಬೇಕಾದ ಕಡೆ ಆರಕ್‌ನ ರೇಖಾಚಿತ್ರವಿದೆ. ನಾನು ಮಡಿಕೆಯನ್ನು ಮತ್ತೆ ಮಡಿಸಿ ಹಲಗೆ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಹಾಗೇ ಮಾಡಿಟ್ಟಿದ್ದೆ ಕೂಡ.

ಸೆಪ್ಟೆಂಬರ್ 10, ಭಾನುವಾರ

ಹೇಳಿದೆ.

ಮಿಸ್ ಭೂತಗನ್ನಡಿ ಹಿಡಿದು ತಾರೀಖು ನೋಡಿದರು. ಕಿಟಕಿಯ ಹತ್ತಿರ ಹೋಗಿ ಮತ್ತೆ ನೋಡಿದರು. ಆಮೇಲೆ ಅಂದರು: "ಸಾಬೀತಾಗಿಲ್ಲ."

ಈ ದೇಶದ ಕೋರ್ಟುಗಳಲ್ಲಿ ಮೂರು ಬಗೆಯ ತೀರ್ಪುಂಟು. ತಪ್ಪಿತಸ್ಥ, ನಿರಪರಾಧಿ, ಮೂರನೆಯದು ಇದು. ಮಿಸ್ ಬದುಕಿನ ಮುಕ್ಕಾಲು ಭಾಗವನ್ನು ಈ ಮೂರನೆಯದರಲ್ಲೇ ಕಳೆದವರು. ದೇವರು ಇದ್ದಾನೆಯೇ, ಚಹಾಕ್ಕೆ ಹಾಲು ಮೊದಲು ಹಾಕಬೇಕೇ, ಎಲ್ಲಕ್ಕೂ ಇದೇ ಉತ್ತರ.

"ತಾರೀಖು ಇದೆಯಲ್ಲ ಮಿಸ್."

"ತಪ್ಪು ತಾರೀಖು ಹಾಕದ ಮನುಷ್ಯನ್ನ ನಾನಿನ್ನೂ ನೋಡಿಲ್ಲ. ಜನವರಿ ತಿಂಗಳು ಪೂರ್ತಿ ನಿಮ್ ಬಾಲ್ಫರ್ ಹಳೇ ವರ್ಷಾನೇ ಬರೀತಿದ್ದ. ಒಂದು ಕಾಗದ ಸಾಲ್ದು. ಇನ್ನೊಂದು ಬೇಕು."

"ಹಾಗಾದ್ರೆ ಯಾರಿಗೂ ಹೇಳೋದ್ ಬೇಡ್ವಾ?"

"ಸಾಬೀತಾಗದೇ ಇರೋದನ್ನ ಹೇಳ್ಬೇಡ. ಸಾಬೀತಾದ ಮೇಲೆ ಮುಚ್ಚಿಡ್ಬೇಡ."

ಧ್ವನಿ ಗಟ್ಟಿಯಾಗಿಯೇ ಇತ್ತು. ಚಹಾಕ್ಕೆ ಮಾತ್ರ ಎರಡು ಸಲ ಹಾಲು ಹಾಕಿಕೊಂಡರು. ನಾನು ಕಿಟಕಿಯ ಕಡೆ ನೋಡಿದೆ.

ಸೆಪ್ಟೆಂಬರ್ 14, ಗುರುವಾರ

ನಾನು ಹೇಳಿದ್ದು ವಾಟಿಗೆ ಮಾತ್ರ. ವಾಟಿ ಹೇಳಿದ್ದು ಒಬ್ಬನಿಗೆ ಮಾತ್ರ. ಮೂರು ದಿನದಲ್ಲಿ ಬಾಲ್ಫರ್ ಬಂದರು.

ಒಳ್ಳೆಯ ಮನುಷ್ಯ. ಟೋಪಿ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. "ನೋಡಪ್ಪ ರುಮೆನ್, ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ. ಹಬ್ಬ ಮುಗೀಲಿ ಅಂತೀನಿ ಅಷ್ಟೆ. ಮಿಸ್‌ಗೆ ಎಪ್ಪತ್ತೆಂಟು. ಆರಕ್ ಬಿಟ್ರೆ ಅವ್ರಿಗೆ ಇನ್ಯಾರಿದಾರೆ ಹೇಳು? ಅವರ ಭಾಷಣ ಆಗ್ಲಿ, ಕಲ್ಲು ಕೂರ್ಲಿ. ಆಮೇಲೆ ನಿಧಾನಕ್ಕೆ ನೋಡೋಣ."

"ಅವ್ರು ಇನ್ನೊಂದು ಪುರಾವೆ ಹುಡುಕ್ತಿದಾರೆ."

"ಸಿಗಲ್ಲ ಬಿಡು. ನೀನು ಹೇಗೂ ಶೆಟ್ಲೆಂಡಿಗೆ ಹೊರಟಿದ್ದೀಯಂತೆ."

ಶೆಟ್ಲೆಂಡಿನ ವಿಷಯವನ್ನೂ ವಾಟಿ ಒಬ್ಬನಿಗೆ ಮಾತ್ರ ಹೇಳಿದ್ದಾನೆ.

ಬಾಲ್ಫರ್ ಹೇಳಿದ್ದು ಸರಿ ಅನ್ನಿಸಿತು. ಮಿಸ್‌ರನ್ನು ಸುಮ್ಮನೆ ಬಿಟ್ಟುಬಿಡುವುದೇ ಅವರಿಗೆ ಮಾಡುವ ಉಪಕಾರ. ಈಗಲೂ ಅನ್ನಿಸುತ್ತಿದೆ. ನಿದ್ದೆ ಮಾತ್ರ ಬರುತ್ತಿಲ್ಲ.

ಸೆಪ್ಟೆಂಬರ್ 18, ಸೋಮವಾರ

ಬೆಳಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಮಿಸ್. ಮಳೆ ಕೋಟು, ಕೈಚೀಲ, ಕಾಗದದಲ್ಲಿ ಸುತ್ತಿದ ಬ್ರೆಡ್ಡು.

"ಏಳೋ. ಇವತ್ತು ಮನೆ ರಜಾ. ಎಡಿನ್‌ಬರೋಗೆ ಹೋಗ್ಬೇಕು."

"ಯಾಕೆ ಮಿಸ್?"

"ತಲೆಗೆ ಒಂದು ವಿಷ್ಯ ಹೊಳೀತು. ಅವತ್ತು ಭಾನುವಾರ. ಆ ಕಾಲದಲ್ಲಿ ಈ ದೇಶದಲ್ಲಿ ಭಾನುವಾರ ಯಾರಾದ್ರೂ ಜೋರಾಗಿ ಸೀನಿದ್ರೂ ಚರ್ಚಿನ ಹಿರಿಯರು ಬರ್ಕೊಳ್ತಿದ್ರು. ಊರೆಲ್ಲ ಕೂಗಾಡ್ಕೊಂಡು ಓಡಿದ್ರೆ ಬಿಡ್ತಿದ್ರಾ?"

ಬಸ್ಸಿನಲ್ಲಿ ಹೇಳಿದರು. ಪಿಟ್‌ಡೂನ್ ಚರ್ಚಿನ ಹಿರಿಯರ ಕೂಟ ಯಾರ್ಯಾರಿಗೆ ಛೀಮಾರಿ ಹಾಕಿತು ಎಂಬ ಹಳೆಯ ದಾಖಲೆ ಪುಸ್ತಕಗಳು ಈಗ ಎಡಿನ್‌ಬರೋದಲ್ಲಿವೆ. ಮೂವತ್ತು ವರ್ಷದ ಹಿಂದೆ ಮಿಸ್ ಅವನ್ನು ನೋಡಿದ್ದರು. ಕೊನೆಯಲ್ಲಿ ಹೆಸರುಗಳ ಪಟ್ಟಿ ಇದೆ, ಅದರಲ್ಲಿ ಆರಕ್ ಎಂಬ ಹೆಸರಿರಲಿಲ್ಲ. ಅವನು ಅಷ್ಟು ಗೌರವಸ್ಥ ಎಂದು ಹೆಮ್ಮೆಪಟ್ಟು ವಾಪಸ್ಸು ಬಂದಿದ್ದರಂತೆ. ತಮ್ಮ ಪುಸ್ತಕದಲ್ಲಿ ಹಾಗೇ ಬರೆದೂ ಇದ್ದಾರೆ.

ಕಡತ ಬಂತು. ಮೆತ್ತನೆಯ ದಿಂಬಿನ ಮೇಲಿಟ್ಟುಕೊಂಡು ಪುಟ ತಿರುಗಿಸಬೇಕು. ಕೊನೆಯ ಪಟ್ಟಿಗೆ ಹೋದೆವು. ಮಿಸ್‌ರ ಬೆರಳು ನೇರವಾಗಿ ಆರಕ್ ಇರಬೇಕಾದ ಜಾಗಕ್ಕೆ ಹೋಯಿತು. ಇಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ನಾನು ಹಾಲ್ಡೇನ್ ಎಲ್ಲಿದೆ ಎಂದು ನೋಡಿದೆ. ಇತ್ತು. ಪುಟ ನೂರಾ ಹನ್ನೆರಡು.

ಮಿಸ್ ಅದನ್ನು ನೋಡಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಪುಟ ತೆಗೆದರು. ಎರಡು ಸಾಲು ಓದಿ ಕನ್ನಡಕ ಕಳಚಿದರು. "ನೀನೇ ಓದು. ನನ್ ಕಣ್ಣು ಯಾಕೋ ಸರಿಯಿಲ್ಲ."

ಮೆಲ್ಲಗೆ ಓದಿದೆ. ಫೋನಿಗೂ ಹೇಳಿಡುತ್ತೇನೆ, ಒಂದು ಮಾತೂ ತಪ್ಪಬಾರದು.

"ಅಕ್ಟೋಬರ್ 24. ತಾಮಸ್ ಆರಕ್‌ನ ಹೆಂಡತಿ ಗ್ರಿಜೆಲ್ ಹಾಲ್ಡೇನ್ ಹಾಜರಾದಳು. ಗಂಡನು ಲೀತ್‌ನಲ್ಲಿರುವಾಗ, ಈ ತಿಂಗಳ ಹತ್ತನೆಯ ತಾರೀಖು, ಪ್ರಭುವಿನ ದಿನದಂದು, ಗಾಜನ್ನು ನೋಡಿದ್ದು, ಪುಸ್ತಕದಲ್ಲಿ ಗೆರೆ ಎಳೆದದ್ದು, ಸಂಜೆ ಮನೆಮನೆಗೆ ಹೋಗಿ ದೋಣಿ ಬಿಡಬೇಡಿರೆಂದು ಕೂಗಿದ್ದು ನಿಜವೇ ಎಂದು ಕೇಳಲಾಯಿತು. ನಿಜ ಎಂದಳು. ಪಶ್ಚಾತ್ತಾಪವಿದೆಯೇ ಎಂದು ಕೇಳಲಾಯಿತು. ದೋಣಿಗಳು ದಡದಲ್ಲಿವೆ ಎಂದಳು. ಮೂರು ಭಾನುವಾರ ಸಭೆಯೆದುರು ಪಶ್ಚಾತ್ತಾಪದ ಮಣೆಯ ಮೇಲೆ ಕೂರತಕ್ಕದ್ದೆಂದು ತೀರ್ಮಾನವಾಯಿತು."

ಮೇಜಿನ ಆಚೆ ಕೂತವರು ತಲೆಯೆತ್ತಿ ನೋಡಿದರು. ನಾನು ಮೆಲ್ಲಗೆ ಓದಿರಲಿಲ್ಲವೆಂದು ಆಗ ತಿಳಿಯಿತು.

ಮಿಸ್ ಪುಟದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ: "ನಿನಗೆ ಬೈದೆ. ಹೆಂಗಸಿನ ಹೆಸರು ಇಲ್ಲಿ ಕಳ್ದುಹೋಗಲ್ಲ ಅಂತ ಪಾಠ ಮಾಡ್ದೆ. ಮೂವತ್ತು ವರ್ಷದ ಹಿಂದೆ ಇದೇ ಕುರ್ಚೀಲಿ ಕೂತು ನಾನು ಆರಕ್ ಅಂತ ಹುಡುಕಿದೀನಿ. ಇನ್ನೊಂದು ಹೆಸರು ನೋಡೋಣ ಅಂತ ನನ್ ತಲೇಗೇ ಬರ್ಲಿಲ್ಲ."

"ಈಗ ಸಾಬೀತಾಯ್ತಾ ಮಿಸ್?"

"ಆಯ್ತು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬ್ರೆಡ್ಡನ್ನು ಅರ್ಧ ಮಾಡಿ ನನಗೆ ದೊಡ್ಡದನ್ನು ಕೊಟ್ಟರು. ಸೇತುವೆ ದಾಟುವಾಗ ನೀರಿನ ಕಡೆ ನೋಡುತ್ತಾ, "ನಲವತ್ತು ವರ್ಷ ಒಬ್ಬ ಗಂಡಸಿನ ಜತೆ ಸಂಸಾರ ಮಾಡ್ದೆ ಅಂತ ಇಟ್ಕೊ. ಇವತ್ತು ಗೊತ್ತಾಯ್ತು, ಅವ್ನು ಮನೇಲೇ ಇರ್ಲಿಲ್ಲ," ಅಂದರು. ಮೂಗಿನ ತುದಿ ಕೆಂಪಾಗಿತ್ತು. ನಗು ಬಂದಿದ್ದೋ ಇನ್ನೇನೋ, ನನಗೆ ಹೇಳಲಾಗದು.

ಸೆಪ್ಟೆಂಬರ್ 25, ಸೋಮವಾರ

ಟ್ರಸ್ಟಿನ ಸಭೆ. ಗೋಡೆಗೆ ಒರಗಿ ನಿಂತಿದ್ದೆ, ಅಂಥ ಸಭೆಯಲ್ಲಿ ನನಗೆ ಕುರ್ಚಿ ಇಲ್ಲ.

ಬಾಲ್ಫರ್ ಎರಡೂ ಕಾಗದ ಓದಿದರು. ಮುಖ ಬಾಡಿತು. ಕಲ್ಲು ಆಗಲೇ ಕೆತ್ತಿ ಮುಗಿದಿದೆ, ಕಾರ್ಯಕ್ರಮದ ಹಾಳೆ ಅಚ್ಚಾಗಿದೆ. ಕೊನೆಗೆ ಒಂದು ದಾರಿ ಹುಡುಕಿದರು. "ಕಲ್ಲಿನ ಕೆಳಗೆ ಜಾಗ ಇದೆ. 'ಮತ್ತು ಆತನ ಹೆಂಡತಿ' ಅಂತ ಸೇರಿಸ್ಬೋದು. ಆಗ್ಬೋದಾ ಮಿಸ್?"

"ಉತ್ತರ ತಪ್ಪಾಗಿದ್ರೆ ಪಕ್ಕದಲ್ಲಿ ಸರಿ ಉತ್ತರ ಬರೆಯೋದಲ್ಲ ಬಾಲ್ಫರ್. ತಪ್ಪನ್ನ ಹೊಡ್ದು ಹಾಕ್ಬೇಕು. ಆರನೇ ಕ್ಲಾಸಲ್ಲೇ ಹೇಳ್ಕೊಟ್ಟಿದ್ದೆ."

ಕೈಯೆತ್ತಿಸಿದರು. ಮೂರು ಮೂರು. ಅಧ್ಯಕ್ಷರ ಮಾತೇ ಕೊನೆ. ಕಲ್ಲು ಇದ್ದ ಹಾಗೇ ಕೂರಲಿ, ಮುಂದಿನ ವರ್ಷ ವಿಚಾರ ಮಾಡೋಣ ಅಂದರು. ಮಿಸ್ ಕೋಟು ಹಾಕಿಕೊಂಡು, "ಭಾಷಣ ಮಾತ್ರ 'ಇದ್ದ ಹಾಗೇ' ಇರಲ್ಲ," ಎಂದು ಹೇಳಿ ಎದ್ದರು.

ಮಳೆಯಲ್ಲೇ ನಡೆದರು. ಕೊಡೆ ಹಿಡಿಯಲು ಬಿಡಲಿಲ್ಲ.

ಸೆಪ್ಟೆಂಬರ್ 27, ಬುಧವಾರ

ಮಿಸ್‌ಗೆ ಜ್ವರ. ಕೆಮ್ಮು ಎದೆಗೆ ಇಳಿದಿದೆ.

ಸೆಪ್ಟೆಂಬರ್ 29, ಶುಕ್ರವಾರ

ಶೆಟ್ಲೆಂಡಿನವನು ಫೋನ್ ಮಾಡಿದ್ದ. ಆಗ ನಾನು ಮಿಸ್ ಮನೆಯಲ್ಲಿ ಸೂಪಿಗೆ ಬಾರ್ಲಿ ಹಾಕುತ್ತಿದ್ದೆ. ಆಮೇಲೆ ಮಾಡುತ್ತೇನೆ ಅಂದೆ. ಮರೆತುಹೋಯಿತು.

ಬಾರ್ಲಿ ಜಾಸ್ತಿಯಾಯಿತಂತೆ. "ಇದು ಸೂಪಲ್ಲ, ಗಾರೆ. ವಾಟಿಗೆ ಕೊಡು, ಕಲ್ಲು ಕೂರಿಸ್ತಾನೆ," ಅಂದರು. ಎರಡು ಬಟ್ಟಲು ಕುಡಿದರು.

ಗೋಡೆಯ ಮೇಲೆ ಆರಕ್‌ನ ರೇಖಾಚಿತ್ರ ಇಲ್ಲದಿರುವುದನ್ನು ಆಗ ಗಮನಿಸಿದೆ. ಎಲ್ಲಿ ಎಂದು ಕೇಳಲಿಲ್ಲ. ಅವರೇ ಹೇಳಿದರು. "ಒಳಗಿಟ್ಟಿದೀನಿ. ಅವನ ಮೇಲೆ ಸಿಟ್ಟಿಲ್ಲ. ಮುಖ ನೋಡೋಕೆ ನನಗೇ ಸಂಕೋಚ. ಅವನೆಲ್ಲೂ ನಾನೇ ಓಡ್ದೆ ಅಂತ ಬರ್ದಿಲ್ಲ. ನಾವೇ ಓಡಿಸಿದ್ದು."

ಅಕ್ಟೋಬರ್ 6, ಶುಕ್ರವಾರ

ಜ್ವರ ಬಿಟ್ಟಿದೆ. ದನಿ ಬಂದಿಲ್ಲ. ಬಾಲ್ಫರ್ ತಾವೇ ಔಷಧಿ ತಂದುಕೊಟ್ಟು, ಭಾಷಣ ಬೇರೆಯವರು ಮಾಡಿದರೂ ಆಗುತ್ತದೆ ಅಂದರು. ಮಿಸ್ ಚೀಟಿಯಲ್ಲಿ ಬರೆದು ತೋರಿಸಿದರು: "ಔಷಧಿಗೆ ವಂದನೆ. ಭಾಷಣ ನನ್ನದು."

ಅಕ್ಟೋಬರ್ 10, ಮಂಗಳವಾರ

ಊರಿನ ಸಭಾಂಗಣ ತುಂಬಿತ್ತು. ಹೊರಗೆ ಆರಕ್ ಮನೆಯ ಗೋಡೆಗೆ ಒರಗಿಸಿಟ್ಟ ಕಲ್ಲಿಗೆ ಬಟ್ಟೆ ಮುಚ್ಚಿತ್ತು. ಭಾಷಣ ಮುಗಿದ ಮೇಲೆ ಬಾಲ್ಫರ್ ಬಟ್ಟೆ ಎಳೆಯುವುದು, ವಾಟಿ ಗಾರೆ ಹಾಕಿ ಕೂರಿಸುವುದು, ಆಮೇಲೆ ಚಹಾ.

ಮಿಸ್ ವೇದಿಕೆ ಹತ್ತಿದರು. ನಾನು ತೋಳು ಹಿಡಿದಿದ್ದೆ. ಮೆಟ್ಟಿಲಾದ ಮೇಲೆ ಕೈ ಕೊಡವಿದರು. ದನಿ ಇನ್ನೂ ಒಡಕು. ಆದರೆ ಸದ್ದಡಗಿಸಲು ಅವರಿಗೆ ಎಂದೂ ದನಿ ಬೇಕಾಗಿರಲಿಲ್ಲ.

ಮೊದಲು ಪತ್ರ ಓದಿದರು. ಆಮೇಲೆ ಚರ್ಚಿನ ದಾಖಲೆ. 'ದೋಣಿಗಳು ದಡದಲ್ಲಿವೆ ಎಂದಳು' ಎಂಬಲ್ಲಿ ಹಿಂದಿನ ಸಾಲಿನ ಬೆಸ್ತರೊಬ್ಬರು ಕುಳಿತಲ್ಲೇ ಟೋಪಿ ತೆಗೆದರು. ನಂತರ ಮಿಸ್ ಕಾಗದ ಮಡಿಸಿಟ್ಟು ಕೇಳಿದರು.

"ನನ್ನ ಹತ್ರ ಓದಿದೋರು ಎದ್ದು ನಿಂತ್ಕೊಳ್ಳಿ."

ಕುರ್ಚಿಗಳು ಕರಕರ ಅಂದವು. ಅರ್ಧಕ್ಕಿಂತ ಹೆಚ್ಚು ಜನ ನಿಂತರು. ವಾಟಿ ನಿಂತ. ಮುಂದಿನ ಸಾಲಿನಲ್ಲಿ ಬಾಲ್ಫರ್ ಒಂದು ಗಳಿಗೆ ತಡೆದು, ಗುಂಡಿ ಹಾಕಿಕೊಂಡು ನಿಂತರು.

"ನಿಮಗೆಲ್ಲ ನಾನು ತಪ್ಪು ಹೇಳ್ಕೊಟ್ಟಿದೀನಿ. ಬೇಕು ಅಂತ ಅಲ್ಲ. ನೋಡ್ಬೇಕಾದ ಕಡೆ ನೋಡ್ಲಿಲ್ಲ. ಕೂತ್ಕೊಳ್ಳಿ. ಕಾರ್ಯಕ್ರಮದ ಹಾಳೆ ತಗೊಳ್ಳಿ. ಅದರಲ್ಲಿ ಆರಕ್ ಬಗ್ಗೆ ಮೂರು ಸಾಲು ಅಚ್ಚಾಗಿದೆ. ಹೊಡ್ದು ಹಾಕಿ. ಕೆಳಗೆ ನಾನು ಹೇಳಿದ್ದನ್ನ ಬರ್ಕೊಳ್ಳಿ."

ಯಾರೂ ನಗಲಿಲ್ಲ. ಪೆನ್ನು ಹುಡುಕುವ ಸದ್ದು, ಚೀಲ ತೆರೆಯುವ ಸದ್ದು. ದೋಣಿ ನಡೆಸುವವರು, ಬೇಕರಿಯವಳು, ಬಸ್ ಡ್ರೈವರು, ಎಲ್ಲರೂ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬಾಲ್ಫರ್ ಜೇಬು ತಡಕಾಡಿ ನನ್ನ ಕಡೆ ತಿರುಗಿ, "ಪೆನ್ ಇದ್ಯೇನಪ್ಪ?" ಎಂದು ಪಿಸುಗುಟ್ಟಿದರು. ಕೊಟ್ಟೆ.

"ಗ್ರಿಜೆಲ್ ಹಾಲ್ಡೇನ್," ಎಂದರು ಮಿಸ್, ಒಂದೊಂದೇ ಮಾತನ್ನು ಬಿಡಿಸಿ. "1773, ಅಕ್ಟೋಬರ್ 10, ಭಾನುವಾರ. ಗಾಜು ನೋಡಿ ಬಿರುಗಾಳಿಯನ್ನು ಓದಿದಳು. ಪೂರ್ಣವಿರಾಮ. ಹತ್ತೊಂಬತ್ತು ದೋಣಿಗಳನ್ನು ಉಳಿಸಿದಳು. ಪೂರ್ಣವಿರಾಮ. ಅದಕ್ಕಾಗಿ ಈ ಊರು ಅವಳನ್ನು ಮೂರು ಭಾನುವಾರ ಪಶ್ಚಾತ್ತಾಪದ ಮಣೆಯ ಮೇಲೆ ಕೂರಿಸಿತು. ಬರ್ದಾಯ್ತಾ? ವಾಟಿ, ಪಕ್ಕದೋರದ್ದು ನೋಡ್ಕೊಂಡು ಬರೀಬೇಡ."

ಆಗ ನಗು ಬಂತು. ಮಿಸ್ ಕಾದರು. "ಯಾರಿಗಾದ್ರೂ ಸಂದೇಹ ಇದ್ಯಾ?"

ಬಾಲ್ಫರ್ ಕೈಯೆತ್ತಿದರು. ನೆರೆತ ತಲೆಯ ಅಧ್ಯಕ್ಷರು, ಬೆರಳು ಮೇಲೆ ಮಾಡಿ. "ಮಿಸ್, ತಾಮಸ್ ಆರಕ್‌ನ ಪೂರ್ತಿ ಹೊಡ್ದು ಹಾಕೋದಾ?"

ಮಿಸ್ ಮಡಿಸಿಟ್ಟಿದ್ದ ಪತ್ರವನ್ನು ಮತ್ತೆ ಬಿಡಿಸಿ ನೋಡಿದರು.

"ಬೇಡ," ಅಂದರು. "ಗಾಜು ಮಾಡಿದ್ದು ಅವನೇ. ಓದಿದ್ದು ಅವಳು. ಹಾಗೇ ಬರ್ಕೊ."

ಬಾಲ್ಫರ್ ಬರೆದುಕೊಂಡರು. ಎದ್ದರು, ಹೊರಗೆ ಹೋದರು. ಬಟ್ಟೆ ಎಳೆಯಲು ಹೋದರೆಂದು ಜನ ಹಿಂದೆ ಹೋದರು. ಅವರು ಎಳೆಯಲಿಲ್ಲ. ಹಾಳೆಯನ್ನು ವಾಟಿಯ ಕೈಗೆ ಕೊಟ್ಟು, "ಕಲ್ಲಿನ ಬೆನ್ನು ಚೆನ್ನಾಗಿದ್ಯಾ?" ಅಂದರು.

"ಮುಖಕ್ಕಿಂತ ಚೆನ್ನಾಗೈತೆ," ಅಂದ ವಾಟಿ.

ಅಕ್ಟೋಬರ್ 21, ಶನಿವಾರ

ಬೆನ್ನು ಹೊರಗಾಗಿ ಕಲ್ಲು ಕೂತಿತು. ಎರಡೇ ಸಾಲು. 'ಗಾಜು ಮಾಡಿದವನು ತಾಮಸ್ ಆರಕ್. ಓದಿದವಳು ಗ್ರಿಜೆಲ್ ಹಾಲ್ಡೇನ್.' ನಮ್ಮೂರಿಗೆ ಇವತ್ತು ಹದಿನೇಳು ಜನ ಬಂದಿದ್ದರು. ಮಳೆಯಲ್ಲೂ ಹದಿನೇಳು ಕಮ್ಮಿಯಲ್ಲ.

ಮಿಸ್ ಇನ್ನೂ ಬಿಡುವ ಹಾಗೆ ಕಾಣುವುದಿಲ್ಲ. "ಒಂದು ದಿನ ಸಾಬೀತಾಗಿದೆ ಅಷ್ಟೆ. ಆ ಪುಸ್ತಕದಲ್ಲಿ ಒಂಬತ್ತು ಸಾವಿರ ದಿನ ಇದೆ. ಯಾವ ದಿನ ಅವ್ನು ಊರಲ್ಲಿದ್ದ, ಯಾವ ದಿನ ಇರ್ಲಿಲ್ಲ, ಹಳೇ ಕಾಗದಗಳ ಜತೆ ಇಟ್ಟು ಒಂದೊಂದೂ ನೋಡ್ಬೇಕು. ನನ್ ಕಣ್ಣಲ್ಲಿ ಆಗಲ್ಲ, ನೀನ್ ಓದು, ನಾನ್ ಬರ್ಕೊತೀನಿ," ಅಂದರು. ಮಧ್ಯಾಹ್ನ ಅವರ ಮನೆಯಲ್ಲಿ ಕೂತು ಮೊದಲ ಪುಟದಿಂದ ಶುರು ಮಾಡಿದೆವು. ಸಂಜೆಯ ಹೊತ್ತಿಗೆ ಹನ್ನೊಂದು ದಿನ ಆಯಿತು. ಒಂಬತ್ತು ದಿನ ಸಾಬೀತಾಗಿಲ್ಲ. ಎರಡು ದಿನ ಅವಳದು.

ಇದೆಲ್ಲ ಮುಗಿಯಲು ಎಷ್ಟು ಕಾಲ ಬೇಕು ಎಂದು ವಾಟಿ ಕೇಳಿದ. ಮೂರೋ ನಾಲ್ಕೋ ವರ್ಷ ಆಗಬಹುದು ಅಂದೆ. ನನ್ನ ಕೋಣೆಯ ಕಿಟಕಿಯ ಬಾಗಿಲು ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುತ್ತಿದೆ, ಚಳಿಗಾಲಕ್ಕೆ ಮುಂಚೆ ಸರಿಮಾಡಿಸಬೇಕೆಂದೂ ಹೇಳಿದೆ.